ಚಿಕ್ಕಪ್ಪನ ‘ಬಾಸ್’ಗಳು

ಕಾಪು, ೯ ಮೇ ೧೯೮೨, ಭಾನುವಾರ. ಬರೆಯಲು ಕುಳಿತದ್ದು ಸಂಜೆ ೫.೧೦ಕ್ಕೆ.

ಕಾಪುವಿನಿಂದ ಮಣಿಪಾಲದವರೆಗೆ ನನ್ನ ಚಿಕ್ಕಪ್ಪನಿಗೆ ‘ಬಾಸ್’ ಅಲ್ಲದ ಗಂಡಸಿಲ್ಲ. ನಮ್ಮ ಕಡೆ ಒಬ್ಬರನ್ನು ಕರೆಯಬೇಕಾದರೆ ಭಟ್ರೇ, ಶೆಟ್ರೇ ಎಂದು ಮೊದಲು ಅವರ ಕುಲ ಗೊತ್ತಿರಬೇಕು. ಚಿಕ್ಕಪ್ಪನಿಗೆ ಆ ಕಷ್ಟವಿಲ್ಲ. ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಬಿಳಿ ಕೋಟು ಹೊಲಿಯುವ ದರ್ಜಿ ಅವರು. ಪದ ಸಿಕ್ಕಿದ್ದು ಆ ಹುಡುಗರಿಂದ.

ಕಳೆದ ಮಳೆಗಾಲದಿಂದ ನಾನು ಪಟ್ಟಿ ಮಾಡುತ್ತಿದ್ದೇನೆ. “ಬಾಸ್, ಸ್ವಲ್ಪ ಜರುಗಿ” ಎಂದರೆ ವಿನಂತಿ. “ಎಂತ ಬಾಸ್ ಇದು” ಎಂದರೆ ಬೈಗುಳ. ಬರೀ “ಬಾಸ್” ಎಂದು ಹೆಗಲ ಮೇಲೆ ಕೈಯಿಟ್ಟರೆ ಸಾವಿನ ಮನೆಯ ಸಮಾಧಾನ. ಒಟ್ಟು ಹನ್ನೊಂದು ಅರ್ಥ.

ಮೂಲವೆಲ್ಲಿಯದು? ಅಳತೆ ಕೊಡಲು ಬಂದವರನ್ನೆಲ್ಲ ಚಿಕ್ಕಪ್ಪ ಕೇಳಿದ್ದಾರೆ. ಡಚ್ಚರ ಮಾತಿನಲ್ಲಿ ಯಜಮಾನ ಎಂದ ಒಬ್ಬ. ಗುರಾಣಿಯ ನಡುವಿನ ಉಬ್ಬು ಎಂದ ಇನ್ನೊಬ್ಬ. ಲ್ಯಾಟಿನ್ನಿನಲ್ಲಿ ದನ ಎಂದ ಮೂರನೆಯವನು.

“ದನವಾದರೆ ತೊಂದರೆ ಎಂತ ಮಾರಾಯ? ಅದಕ್ಕೆ ನಾವು ಕೈ ಮುಗಿಯುವುದಿಲ್ವಾ?” ಎಂದರು ಚಿಕ್ಕಪ್ಪ.

ಇವತ್ತು ಅಕ್ಕನ ಸಂಬಂಧ ಗಟ್ಟಿ ಮಾಡಲು ಕಾರ್ಕಳದವರು ಹುಡುಗನನ್ನು ಕರೆದುಕೊಂಡು ಬಂದಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದವರು ಚಿಕ್ಕಪ್ಪನೇ; ವೀಳ್ಯದ ತಟ್ಟೆ ಕೊಟ್ಟು ಒಪ್ಪಿಗೆ ಹೇಳಬೇಕಾದವರೂ ಅವರೇ. ಗಂಡಿನ ತಂದೆಯೋ ನಿವೃತ್ತ ಹೆಡ್‌ಮಾಸ್ಟರು, ಮರ್ಯಾದೆಯಲ್ಲಿ ಬಹಳ ಕಟ್ಟುನಿಟ್ಟು.

“ಇವತ್ತೊಂದು ದಿನ ಆ ಪದ ಬೇಡ ಮಾರಾಯ, ಹುಡುಗಿಯ ಬದುಕು,” ಎಂದು ಅಮ್ಮ ಬೇಡಿಕೊಂಡರು.

“ಆಯ್ತು ಅತ್ತಿಗೆ,” ಎಂದ ಚಿಕ್ಕಪ್ಪ ಬಾಯಿಗೆ ಎಲೆಯಡಿಕೆ ತುಂಬಿಕೊಂಡು ೧೦.೨೦ರಿಂದ ೧೧.೪೫ರವರೆಗೆ ತಲೆಯಾಡಿಸುತ್ತಲೇ ಕುಳಿತರು. ಎಂಬತ್ತೈದು ನಿಮಿಷ. ಹೆಡ್‌ಮಾಸ್ಟರರ ಮುಖ ಗಂಟಾಯಿತು.

“ನಿಮಗೆ ಮನಸ್ಸಿಲ್ಲದಿದ್ದರೆ ಹೇಳಿಬಿಡಿ. ನಮಗೆ ಹನ್ನೆರಡರ ಬಸ್ಸು ಉಂಟು,” ಎಂದು ಎದ್ದರು.

ಚಿಕ್ಕಪ್ಪ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು ತಟ್ಟೆ ಎತ್ತಿಕೊಂಡರು. ಹೆಡ್‌ಮಾಸ್ಟರರನ್ನು ದಾಟಿ, ಅಡುಗೆಮನೆಯ ಬಾಗಿಲಲ್ಲಿದ್ದ ಅಕ್ಕನ ಎದುರು ನಿಂತರು.

“ನಾನು ಹೇಳುವುದು ಎಂತ ಉಂಟು? ಬಾಳಬೇಕಾದವಳು ನೀನು. ಕೊಡಲಾ, ಬಾಸ್?”

ಅಕ್ಕನನ್ನು ಅವರು ಹಾಗೆ ಕರೆದದ್ದು ಇದೇ ಮೊದಲು. ಅವಳು ಹುಡುಗನ ಕಡೆ ಒಮ್ಮೆ ನೋಡಿದಳು.

“ಕೊಡಿ ಚಿಕ್ಕಪ್ಪ.”

ಹೆಡ್‌ಮಾಸ್ಟರರು ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. “ನನ್ನ ಮಗಳನ್ನು ನಾನು ಕೇಳಿರಲಿಲ್ಲ,” ಎಂದರು ಮೆಲ್ಲಗೆ. ಹನ್ನೆರಡರ ಬಸ್ಸು ತಪ್ಪಿತು. ಅವರು ಊಟಕ್ಕೆ ನಿಂತರು.

ಪಟ್ಟಿಯಲ್ಲಿ ಹನ್ನೆರಡನೆಯ ಸಾಲು ಎಳೆದು, ಅರ್ಥದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಈ ಪದ ಇನ್ಯಾವುದಾದರೂ ಮನೆಯಲ್ಲಿ ಹೀಗೆ ಬಂದದ್ದನ್ನು ಕೇಳಿದವರಿದ್ದರೆ, ದಯವಿಟ್ಟು ನನಗೊಂದು ಕಾರ್ಡು ಬರೆಯಿರಿ.