ಮೊದಲ ವೀಳ್ಯ ಯಾವ ಊರ ಕಳ್ಳಿಗೆ?

ಕಚೇರಿಯಲ್ಲಿ ಕೂತು ಬರೆಯುವವನಿಗೆ ನಗುವಂಥ ಪ್ರಸಂಗ ಎಲ್ಲಿಂದ ಬಂದಾವು ಎಂದು ಕೇಳುವವರು ಸರ್ಕಾರದ ಹುಕುಮನ್ನು ಒಮ್ಮೆಯೂ ಊರಿಗೆ ಒಯ್ದು ಕೊಟ್ಟವರಲ್ಲ. ಕಚೇರಿ ಬಿಡುವಾಗ ಹುಕುಮು ಒಂದಿರುತ್ತದೆ, ಊರ ಅಗಸಿ ದಾಟುವಷ್ಟರಲ್ಲಿ ಇನ್ನೊಂದಾಗಿರುತ್ತದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರುತ್ತಿದ್ದದ್ದು ಬರೀ ಬೆವರು.

ಹುನಗುಂದದ ಮಾಮಲೇದಾರ ಕಚೇರಿಯಲ್ಲಿ ನಾನು ಹಂಗಾಮಿ ಕಾರಕೂನ. ನಮ್ಮ ಮಾವ ಇಳಕಲ್ಲಿನ ಸೀರೆ ವ್ಯಾಪಾರಿ. ಮದುವೆಯನ್ನೇನೋ ಮಾಡಿಕೊಟ್ಟಿದ್ದರು, ಮಗಳನ್ನು ಮಾತ್ರ ಕಳಿಸಿರಲಿಲ್ಲ. ಕೇಳಲು ಹೋದಾಗಲೆಲ್ಲ ಒಂದೇ ಮಾತು: "ನಿಮ್ಮ ನೌಕರಿ ಕಾಯಂ ಆಗಲಿ, ಕಳಸ್ತೇನಿ. ಹಂಗಾಮಿ ಮನಷ್ಯಾಗ ಕಾಯಂ ಹೆಣ್ತಿ ಯಾಕ?"

ಆ ವರ್ಷ ಪಾಪಾಸುಕಳ್ಳಿ ಜಿಲ್ಲೆಯ ಬಿಳಿ ಸಾಹೇಬರ ಕಣ್ಣಿಗೆ ಬಿತ್ತು. ಪರದೇಶದಿಂದ ಬಂದ ಮುಳ್ಳು ಅದು. ಬಾದಾಮಿಯಿಂದ ಬಾಗಲಕೋಟೆ, ಅಲ್ಲಿಂದ ಹುನಗುಂದದವರೆಗೆ ಹೊಲದ ಬದು, ಬಾವಿಕಟ್ಟೆ, ದಾರಿ ಎಲ್ಲವನ್ನೂ ನುಂಗುತ್ತ ಬಂದಿತ್ತು. ಎಲ್ಲ ಕಡೆ ಒಮ್ಮೆಗೇ ಕಡಿಸಲು ಆಳುಗಳಿಲ್ಲ. ಅಂದಮೇಲೆ ಯಾವ ಊರು ಮೊದಲು, ಯಾವ ಊರು ಆಮೇಲೆ ಎಂದು ಸರದಿ ಗೊತ್ತುಮಾಡಬೇಕಲ್ಲ? ಮಾಮಲೇದಾರರು ನನ್ನನ್ನು ಕರೆದರು.

"ಸಾಹೇಬರ ಕೂಡ ನೀ ತಿರಗು. ಸರದಿ ಸರಿಯಾತು, ನಿನ್ನ ಕಾಯಂ ಮಾಡಸ್ತೇನಿ. ಕೆಡಿಸಿದಿ, ಮರುದಿನದಿಂದ ಕಚೇರಿ ಕಡೆ ಬರಬ್ಯಾಡ."

ಮರುದಿನವೇ ಕಾಗದ, ಮಸಿ ಕಟ್ಟಿಕೊಂಡು ಹೊರಟೆ.

ಇಲ್ಲದ ಕಳ್ಳಿ

ಚೊಳಚಗುಡ್ಡದ ಆಚೆ ಒಂದು ಸಣ್ಣ ಊರು. ಸಾಹೇಬರು ಕುದುರೆಯ ಮೇಲೆ ಹಿಂದಿನಿಂದ ಬರುವವರಿದ್ದರು. ಅಷ್ಟರೊಳಗೆ ಊರಲ್ಲಿ ಕಳ್ಳಿ ಎಲ್ಲೆಲ್ಲಿದೆ ಎಂದು ಕೇಳಿಡಲು ನಾನು ಚಕ್ಕಡಿಯಲ್ಲಿ ಮುಂದೆ ಹೋದೆ. ಚಕ್ಕಡಿ ಹೊಡೆಯುವವನು ಬಾಗಲಕೋಟೆಯ ಚಾಚಾ. ಧೈರ್ಯ ಹೇಳಲು ಬಾಯಿ ತೆರೆದನೆಂದರೆ ಇದ್ದ ಧೈರ್ಯವೂ ಹೋಗಬೇಕು, ಅಂಥ ಮನುಷ್ಯ.

ಕಳ್ಳಿ ಕೇಳುತ್ತಿದ್ದಾರೆಂದರೆ ಕಳ್ಳಿಗೂ ಕಂದಾಯ ಹಾಕುತ್ತಾರೆ ಎಂದು ಊರವರಿಗೆ ಅನುಮಾನ. ಗೌಡರು ಚಾವಡಿಯ ಮುಂದೆ ಕೂತು, "ಕಳ್ಳಿ? ನಮ್ಮೂರಾಗ ಒಂದೂ ಇಲ್ಲರಿ," ಎಂದರು. ಅವರ ಬೆನ್ನ ಹಿಂದೆಯೇ ಗೋಡೆಯೆತ್ತರ ಹಸಿರು ನಿಂತಿತ್ತು.

"ಗೌಡ್ರ, ಮತ್ತ ಅದೇನ್ರಿ?"

ಗೌಡರು ತಿರುಗಿಯೂ ನೋಡಲಿಲ್ಲ. "ಯಾವದು?"

ತೋರಿಸಿಯೇ ಬಿಡುತ್ತೇನೆಂದು ನಾನು ಎದ್ದು ಹೋದೆ. ಗಡಿಬಿಡಿಯಲ್ಲಿ ಕಾಲು ಜಾರಿ ಅದರ ಮೇಲೆಯೇ ಕೂತುಬಿಟ್ಟೆ. ದೊಡ್ಡ ಮುಳ್ಳನ್ನಾದರೂ ಕೀಳಬಹುದು, ಅದರ ಕೂದಲಿನಂಥ ಸಣ್ಣ ಸುಂಕು ದೇವರಿಗೂ ಕಾಣುವುದಿಲ್ಲ. ನನ್ನನ್ನು ಕಟ್ಟೆಯ ಮೇಲೆ ಬೋರಲು ಮಲಗಿಸಿದರು. ಗೌಡರೇ ಚಿಮಟ ಹಿಡಿದು ಕೂತರು. ಪಾಪ, ಕೈ ಮಾತ್ರ ಬಹಳ ಹಗುರ. ಸಾಹೇಬರು ಬಂದರೆ ಏನು ಹೇಳಲಿ ಎಂದು ನನಗೆ ಅದೇ ಚಿಂತೆ.

"ಗೌಡ್ರ, ಈಗರೆ ಒಪ್ಪಗೋರಿ. ಕಳ್ಳಿ ಐತಿ."

"ಐತಿ, ಯಾರ ಇಲ್ಲಂದ್ರು?" ಎಂದರು ಗೌಡರು ಇನ್ನೊಂದು ಕಿತ್ತು. "ಆದ್ರ ನಮ್ಮೂರಾಗ ಇಲ್ಲ. ನಿಮ್ಮ ಧೋತ್ರದಾಗ ಐತಿ."

ಸಾಹೇಬರ ಟೊಪ್ಪಿಗೆ

ಮುಂದಿನ ಊರಿನಲ್ಲಿ ಸಾಹೇಬರು ನನ್ನ ಜೊತೆಗೇ ಇದ್ದರು. ಊರ ಹೊರಗಿನ ಕಳ್ಳಿ ಬೇಲಿ ನೋಡಿ ಇದನ್ನೇ ಮೊದಲು ಕಡಿಸೋಣ ಅಂದರು. ಅಷ್ಟರಲ್ಲಿ ಹೆಂಗಸರು ಗುಂಪಾಗಿ ಬಂದರು. ಮುಂದೆ ಒಬ್ಬ ಮುದುಕಿ.

"ಏ ಕಾರಕೂನಾ, ನಿಮ್ಮ ಸಾಹೇಬನ ಕೈಯಾಗ ತಂಬಿಗಿ ಕೊಟ್ಟು ಒಂದಿನ ಮುಂಜಾನಿ ಬಟಾಬಯಲಿಗೆ ಕಳಸು. ಎಲ್ಲಾರೂ ನಿಂತು ನೋಡ್ತೇವಿ. ಆಮ್ಯಾಲೂ ಕಡೀಬೇಕು ಅನಿಸಿದ್ರ ಕಡಸಲಿ!"

ಸಾಹೇಬರು ನನ್ನ ಕಡೆ ತಿರುಗಿ ಏನು ಹೇಳುತ್ತಾಳೆ ಎಂದು ಕೇಳಿದರು. ಇದ್ದದ್ದು ಇದ್ದಂತೆ ಹೇಳಿದರೆ ನೌಕರಿ ಹೋದೀತು, ಹೇಳದಿದ್ದರೆ ಮುದುಕಿಯ ಕೈಯಲ್ಲಿ ಪ್ರಾಣ ಹೋದೀತು. "ಊರ ಹೆಣ್ಣುಮಕ್ಕಳು ದಿನಾ ಬೆಳಗಾಗುವ ಮೊದಲು ತಪ್ಪದೆ ಇಲ್ಲಿಗೆ ಬರುತ್ತಾರೆ. ಮಾತಾಡುವುದಿಲ್ಲ. ಕೂತು, ಎದ್ದು ಹೋಗುತ್ತಾರೆ. ಗಂಡಸರು ಹತ್ತಿರ ಸುಳಿಯುವಂತಿಲ್ಲ," ಎಂದೆ. ಒಂದಕ್ಷರ ಸುಳ್ಳಿರಲಿಲ್ಲ.

ಸಾಹೇಬರು ಗಂಭೀರವಾದರು. ಮೆಲ್ಲಗೆ ಟೊಪ್ಪಿಗೆ ತೆಗೆದು ಎದೆಗೆ ಹಿಡಿದು ಬೇಲಿಗೆ ತಲೆಬಾಗಿದರು. ಈ ಊರನ್ನು ಸರದಿಯಿಂದಲೇ ಬಿಡು ಎಂದರು. ಮುಂದೆ ಎಲ್ಲಿ ಊರ ಬೇಲಿ ಕಂಡರೂ ಅದೇ ಮರ್ಯಾದೆ.

ಚಾಚಾ ನನ್ನ ಕಿವಿಯಲ್ಲಿ, "ಕಾರಕೂನ್ರ, ಒಳಗ ಯಾರರೆ ಇದ್ದಾಗ ಸಾಹೇಬ ಹಿಂಗ ಬಂದು ನಿಂತ್ರ?" ಎಂದ. ಅಂದಿನಿಂದ ಯಾವ ಬೇಲಿ ಹತ್ತಿರ ಬಂದರೂ ನಾನು ಫರ್ಲಾಂಗು ದೂರದಿಂದಲೇ ಕೆಮ್ಮತೊಡಗಿದೆ.

ಬೀರಪ್ಪನ ಅಪ್ಪಣೆ

ಒಂದು ಬೀರಪ್ಪನ ಗುಡಿಯ ಸುತ್ತ ಕಳ್ಳಿ ಬೆಳೆದು ಬಾಗಿಲೇ ಕಾಣುತ್ತಿರಲಿಲ್ಲ. ದೇವರ ಜಾಗ, ಮುಟ್ಟಿದರೆ ಗಲಾಟೆಯಾದೀತು ಎಂದು ನಾನು ಅಂಜಂಜುತ್ತಲೇ ಪೂಜಾರಿಯನ್ನು ಕೇಳಿದೆ. ಅವನು ಒಳಗೆ ಹೋಗಿ ಹೂವಿನ ಅಪ್ಪಣೆ ಕೇಳಿ ಬಂದ.

"ಕಡೀರಿ ಅಂದಾನ್ರಿ ದೇವರು."

ನನಗೆ ಜೀವ ಬಂದಂತಾಯಿತು.

"ಆದ್ರ ಭಕ್ತರ ಕೈಲೆ ಬ್ಯಾಡ ಅಂದಾನ."

"ಮತ್ತ ಯಾರ ಕೈಲೆ?"

"ಹುಕುಮು ತಂದವನ ಕೈಲೆ ಅಂದಾನ." ಪೂಜಾರಿ ಕೊಡಲಿಯನ್ನೂ ಜೊತೆಗೇ ತಂದಿದ್ದ. ಸಂಜೆಯವರೆಗೆ ನಾನು ಕಡಿದೆ, ಭಕ್ತರೆಲ್ಲ ನೆರಳಲ್ಲಿ ಕೂತು ದೇವರ ಮಹಿಮೆ ಹೊಗಳಿದರು.

ಮೊದಲ ವೀಳ್ಯ

ತಿರುಗಾಟ ಮುಗಿಯಿತು. ಸಾಹೇಬರ ಲೆಕ್ಕ ಸರಳ: ಕಳ್ಳಿ ಕಡಿಮೆ ಇರುವ ಊರು ಮೊದಲು, ಅಲ್ಲಿ ಬೇರುಸಹಿತ ಮುಗಿಸಿಬಿಟ್ಟರೆ ಹಬ್ಬುವುದು ನಿಲ್ಲುತ್ತದೆ. ಕಾಡಿನ ಹಾಗೆ ಬೆಳೆದದ್ದು ಕೊನೆಗೆ. ಒಳ್ಳೆಯ ಬುದ್ಧಿಯೇ. ಗೌಡರನ್ನೆಲ್ಲ ಹುನಗುಂದಕ್ಕೆ ಕರೆಸಿ ಸರದಿಯನ್ನು ಓದಿ ಹೇಳುವ ಕೆಲಸ ನನಗೆ ಬಂತು.

ನಮ್ಮ ಕಡೆ ಮದುವೆಯಿರಲಿ, ಪಂಚಾಯಿತಿಯಿರಲಿ, ವೀಳ್ಯ ಯಾರಿಗೆ ಮೊದಲು ಎನ್ನುವುದು ಸಣ್ಣ ಮಾತಲ್ಲ. ಒಂದು ವೀಳ್ಯ ಹಿಂದುಮುಂದಾದರೆ ಬಡಿಸಿದ ಎಲೆ ಬಿಟ್ಟು ಎದ್ದು ಹೋದವರಿದ್ದಾರೆ. ಅಂಜಿಕೆಯಲ್ಲಿ ನನಗೆ ಅದು ಮರೆತೇ ಹೋಗಿತ್ತು.

ಮೊದಲ ಹೆಸರು ಓದಿದೆ. ಅದೊಂದು ಚಿಲ್ಲರೆ ಊರು. ಅದರ ಸಣಕಲು ಗೌಡ ಸುತ್ತ ನೋಡಿ ಮೀಸೆ ತಿರುವಿದ. ಕೊನೆಯ ಹೆಸರು ಓದಿದೆ. ಅದು ಮಲಪ್ರಭೆ ದಂಡೆಯ ದೊಡ್ಡ ಊರು. ಅದರ ಗೌಡ ಎದ್ದು ನಿಂತ.

"ಯಾರ ಹಿಂದ ಯಾರನ್ನ ಕೂಡಸಾಕತ್ತೀಯೋ? ಮುತ್ಯಾನ ಕಾಲದಿಂದ ಮೊದಲ ವೀಳ್ಯ ನಮ್ಮೂರಿಗೆ. ಇವರೂರ ಕಳ್ಳಿ ಮೊಣಕಾಲಿಗೂ ಬರೂದಿಲ್ಲ. ನಮ್ಮೂರ ಕಳ್ಳ್ಯಾಗ ಆನಿ ನಿಂತ್ರೂ ಕಾಣೂದಿಲ್ಲ!"

"ಹಂಗಲ್ಲರಿ ಗೌಡ್ರ, ಕಡಿಮಿ ಇದ್ದವರು ಮೊದಲರಿ," ಎಂದೆ.

"ಇಷ್ಟೇ ಹೌದಲ್ಲ?" ಎಂದು ರುಮಾಲು ಸುತ್ತಿಕೊಂಡು ನಡೆದೇಬಿಟ್ಟ.

ಮರುದಿನದಿಂದ ಆ ಊರಿನ ಗಂಡಸರೆಲ್ಲ ಕೊಡಲಿ ಹಿಡಿದರು. "ನಮ್ಮದು ಮೊಣಕಾಲ ಮಟ ಬಂದೈತಿ, ಬರಕೋ," ಎಂದು ಆಳು ಬಂದ. ಸಣಕಲು ಗೌಡನಿಗೆ ಸುದ್ದಿ ಮುಟ್ಟಿತು. "ನಮ್ಮದು ಹಿಮ್ಮಡ ಮಟ," ಎಂದು ಅವನ ಆಳು ಬಂದ. ನೋಡನೋಡುತ್ತ ಉಳಿದ ಊರುಗಳೂ ಕಣಕ್ಕಿಳಿದವು. ನನ್ನ ಸರದಿ ದಿನಾ ಬದಲಾಗತೊಡಗಿತು. ಮಾಮಲೇದಾರರು, "ಯಾವ ಊರು ಮೊದಲಲೇ?" ಎಂದು ಗದರಿದಾಗ ನಾನು ಅಂದೆ:

"ರಾವಸಾಹೇಬ್ರ, ಮುಂಜಾನಿಂದು ಹೇಳ್ಲೋ, ಸಂಜೀದು ಹೇಳ್ಲೋ?"

ಕಡಿದದ್ದನ್ನು ಎಲ್ಲಿ ಹಾಕುವುದು? ಪಕ್ಕದ ಊರಿನ ಹದ್ದಿನಲ್ಲಿ. ತಮ್ಮದೂ ಕಡಿಮೆಯಾಗುತ್ತದೆ, ಅವರದೂ ಹೆಚ್ಚಾಗುತ್ತದೆ! ಹೊಡೆದಾಟಕ್ಕೆ ಬಂದಾಗ ನಾನೇ ಹೋಗಿ ಕೈಮುಗಿದೆ. ಕೊನೆಗೆ ಎಲ್ಲರೂ ಇಳಕಲ್ಲ ದಾರಿಯ ಒಂದು ಹಳ್ಳದಲ್ಲಿ ಸುರಿದರು. ಅದು ಯಾವ ಊರಿಗೂ ಸೇರಿದ್ದಲ್ಲ ಎಂಬ ಒಂದು ಮಾತಿಗೆ ಮಾತ್ರ ಎಲ್ಲ ಗೌಡರೂ ಒಪ್ಪಿದರು.

ಕಾಯಂ

ಸಾಹೇಬರು ಆಳುಗಳೊಂದಿಗೆ ಬಂದರೆ, ಆ ಮರ್ಯಾದೆಯ ಬೇಲಿಗಳನ್ನು ಬಿಟ್ಟು ಕಡಿಯಲು ಕಳ್ಳಿಯೇ ಇಲ್ಲ. ಸಂತೋಷಪಟ್ಟು ನನ್ನ ಕೈ ಕುಲುಕಿದರು. ಆ ಉಸಿರಿನಲ್ಲೇ ಮಾಮಲೇದಾರರ ಕಡೆ ತಿರುಗಿ, ಕಳ್ಳಿ ಮುಗಿಯಿತಲ್ಲ, ಇನ್ನು ಈ ಕಾರಕೂನ ಯಾಕೆ ಎಂದರು.

ಚಾಚಾ ತಲೆಯಾಡಿಸಿದ. "ಹಂಗಾಮಿ ಇದ್ದಾವ ಇಷ್ಟ ಚಲೋ ಕೆಲಸ ಮಾಡಬಾರದರಿ ಕಾರಕೂನ್ರ."

ಸಾಹೇಬರ ಮುಂದಿನ ಮುಕ್ಕಾಮು ಇಳಕಲ್ಲು. ನಾನೂ ಚಕ್ಕಡಿಯಲ್ಲಿ ಹಿಂದೆ ಹೊರಟೆ, ಮಾವನಿಗೆ ಏನು ಹೇಳಲಿ ಎಂಬ ಸಂಕಟದಲ್ಲಿ. ನಡುವೆ ಒಳ್ಳೆಯ ಮಳೆಯಾಗಿತ್ತು. ಹಳ್ಳದ ಹತ್ತಿರ ಸಾಹೇಬರ ಕುದುರೆ ಹೆಜ್ಜೆ ಕೀಳಲಿಲ್ಲ. ನೋಡಿದರೆ ಎಲ್ಲ ಊರುಗಳ ಕಳ್ಳಿಯೂ ಅಲ್ಲಿ ಒಟ್ಟಾಗಿ ಚಿಗುರಿ ನಿಂತಿತ್ತು. ಸಾಹೇಬರು ಕುದುರೆಯಿಂದ ಇಳಿದು ಸುತ್ತ ಒಮ್ಮೆ ನೋಡಿದರು. ಆಮೇಲೆ, ಇದು ಮುಗಿಯುವ ತನಕ ಈ ಕಾರಕೂನನನ್ನು ಬಿಡಬೇಡಿ ಎಂದು ಅಲ್ಲೇ ಮಾಮಲೇದಾರರಿಗೆ ಚೀಟಿ ಬರೆದರು.

ಮಾವನ ಮನೆಗೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಇದು ಕಾಯಂ ಅಲ್ಲ ಎಂದುಬಿಟ್ಟರೆ ಎಂಬ ಅಂಜಿಕೆ ಇದ್ದೇ ಇತ್ತು.

"ಅಂದ್ರ ಕಳ್ಳಿ ಇರೋತನಕ ನೌಕರಿ?" ಎಂದರು ಮಾವ.

"ಹೌದ್ರಿ ಮಾವಾರ."

"ಆ ಕಳ್ಳಿ ಸಾಯತೈತೇನು?"

"ಇಲ್ಲರಿ. ಕಡದಷ್ಟೂ ಚಿಗರತೈತಿ."

ಮಾವ ಎಲೆಗೆ ಸುಣ್ಣ ಸವರುತ್ತ ವಿಚಾರ ಮಾಡಿದರು. "ಅಳಿಯಂದ್ರ, ಇದು ಕಾಯಂಕಿಂತಾ ಕಾಯಂ!" ಎಂದು ಒಳಗೆ ಕೂಗಿ ಮಗಳಿಗೆ ಗಂಟು ಕಟ್ಟಲು ಹೇಳಿದರು. ಗಂಟು ಎಂದೋ ಕಟ್ಟಿಟ್ಟಿದ್ದಳಂತೆ.

ಹುನಗುಂದದಲ್ಲಿ ಚಕ್ಕಡಿಯಿಂದ ಟ್ರಂಕು, ಸೀರೆ, ಪಾತ್ರೆ ಎಲ್ಲ ಇಳಿಸಿದೆ. ಕೊನೆಗೆ ಒಂದು ಗೋಣಿಚೀಲ. ತಬ್ಬಿಕೊಂಡು ಎತ್ತಿದವನೇ ಚೀರಿಬಿಟ್ಟೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಮೆಲ್ಲಕ ಹಿಡೀರಿ. ಅಪ್ಪ ಕೊಟ್ಟಾನ. ಹಿತ್ತಲದಾಗ ಹಚ್ಚಿ ದಿನಾ ನೀರ ಹಾಕಬೇಕಂತ. ಹಳ್ಳದಾಗಿಂದು ಮುಗದ್ರೂ ನಮ್ಮ ಮನಿಯಾಗಿಂದು ಇರಲಿ ಅಂದಾನ."