ಆರನೆಯ ಹುಳ ಎಲ್ಲಿ?

"1981 ಜನವರಿ 18, ಭಾನುವಾರ. ಇವತ್ತು ಮೊದಲ ಹುಳ ಕಟ್ಟಲು ಕೂತೆ. ಮನೆಯಲ್ಲಿ ಎಲ್ಲರಿಗೂ ನಗು." ನನ್ನ ಹಳೆಯ ಡೈರಿಯಲ್ಲಿ ಹೀಗೆ ಉಂಟು. ನಾನು ಹೊಸತೇನಾದರೂ ಕಲಿಯಲು ಹೊರಟಾಗಲೆಲ್ಲ ನಮ್ಮ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ. ಬರೆದಿಡುವುದು ನನ್ನ ಅಭ್ಯಾಸ.

ಘಟ್ಟದ ಮೇಲಿನ ಕಾಫಿ ತೋಟದ ಸ್ನೇಹಿತರೊಬ್ಬರು ನನ್ನ ಯಜಮಾನರಿಗೆ ಒಂದು ವಿದೇಶಿ ಗಾಳದ ಕೋಲನ್ನೂ ಎರಡು ಕೃತಕ ಹುಳಗಳನ್ನೂ ಕೊಟ್ಟಿದ್ದರು. ಹೊಳೆಯ ಕಲ್ಲಿನಡಿ ಇರುವ ಮರಿಹುಳದ ಹಾಗೆ, ಕೊಕ್ಕೆಗೆ ಸೀಸ ಸುತ್ತಿ, ಮೇಲೆ ಮಿನುಗುವ ನೈಲಾನ್ ಎಳೆ ಹೊಸೆದು ಮಾಡಿದ್ದು. ಇಚಿಲಂಪಾಡಿಯ ಹೊಳೆಯಲ್ಲಿ ಯಜಮಾನರು ಮೊದಲ ದಿನವೇ ಎರಡನ್ನೂ ಬಂಡೆಗೆ ಸಿಕ್ಕಿಸಿ ಕಳೆದುಕೊಂಡು ಬಂದರು. ಪುತ್ತೂರಿನಲ್ಲೂ ಸುಳ್ಯದಲ್ಲೂ ಅಂಥದ್ದು ಸಿಗಲಿಲ್ಲ.

ನಾನು ಕಟ್ಟಿ ಕೊಡುತ್ತೇನೆ ಎಂದೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು, ಆ ಮರಿಹುಳದ ಚಿತ್ರ ಬಿಡಿಸಿ ಪೂರ್ತಿ ಅಂಕ ಪಡೆದವಳು ನಾನು. ಅವರು ನಕ್ಕರು.

"ಅದು ಫಾರಿನ್ ಮಾಲು ಮಾರಾಯ್ತಿ. ನೀನು ಕಟ್ಟಿದ್ದಕ್ಕೆ ಮೀನು ಬಿದ್ದರೆ ಇನ್ನು ಈ ಮನೆಯಲ್ಲಿ ಮೀನು ಕೊಯ್ಯುದು ನಾನು."

ಮದುವೆಯಾದಂದಿನಿಂದ ಮೀನು ಕೊಯ್ದವಳಿಗೆ ಇದಕ್ಕಿಂತ ದೊಡ್ಡ ಬಹುಮಾನ ಉಂಟೇ? ಮಾತನ್ನು ಡೈರಿಯಲ್ಲಿ ಬರೆದು ಅವರ ಸಹಿ ಹಾಕಿಸಿದೆ.

ಸೀಸ

ಹುಳ ಮುಳುಗಲು ತೂಕ ಬೇಕು. ಅವರ ಬೀಸುಬಲೆಯ ಒಂದು ಬದಿಯಿಂದ ಹನ್ನೆರಡು ಸೀಸದ ಗುಂಡು ಬಿಚ್ಚಿ, ಕುಟ್ಟಿ ತೆಳ್ಳಗೆ ಮಾಡಿ, ಎಳೆಯಾಗಿ ಕತ್ತರಿಸಿದೆ. ಹೊಲಿಗೆ ಮೆಷೀನಿನಲ್ಲಿ ಸೂಜಿಯ ಜಾಗಕ್ಕೆ ಅವರ ಗಾಳದ ಕೊಕ್ಕೆಯನ್ನು ಬಿಗಿದು, ಸೀಸವನ್ನು ಅದಕ್ಕೆ ಸುತ್ತಿದೆ. ಆ ವಾರ ಅವರು ಬಲೆ ಬೀಸಿದಾಗಲೆಲ್ಲ ಆ ಬದಿ ತಳ ಮುಟ್ಟದೆ ಮೀನುಗಳು ಪಾರಾದವು. ಈ ವರ್ಷ ಮೀನಿಗೆ ಬುದ್ಧಿ ಬಂದಿದೆ ಎಂದು ಅವರು ಊರಿಡೀ ಹೇಳಿದರು. ನಾನೂ ಹೌದೌದು ಎಂದೆ.

ಗರಿ

ಹುಳಕ್ಕೆ ಕಾಲು ಬೇಕಲ್ಲ, ಅದಕ್ಕೆ ಹುಂಜದ ಕುತ್ತಿಗೆಯ ಗರಿಯೇ ಆಗಬೇಕು. ಯಜಮಾನರು ಮಧ್ಯಾಹ್ನ ಮಲಗಿದ್ದಾಗ ಅವರು ಅಂಕಕ್ಕೆ, ಅಂದರೆ ಕೋಳಿಕಾಳಗಕ್ಕೆ, ಸಾಕಿದ ಹುಂಜವನ್ನು ಬುಟ್ಟಿಯಡಿ ಹಿಡಿದು ಒಂದು ಮುಷ್ಟಿ ಕಿತ್ತೆ. ಯಾವ ದಿನ ಯಾವ ಬಣ್ಣದ ಕೋಳಿ ಗೆಲ್ಲುತ್ತದೆ ಎಂದು ಹೇಳುವ ಪಂಚಾಂಗ ನಮ್ಮಲ್ಲಿ ಉಂಟು. ಎದ್ದು ಬಂದವರು ಪಂಚಾಂಗ ಬಿಡಿಸಿ ಕೋಳಿಯನ್ನೂ ಪುಟವನ್ನೂ ಬಹಳ ಹೊತ್ತು ನೋಡಿದರು. ಬೋಳು ಕುತ್ತಿಗೆಗೆ ಅದರಲ್ಲಿ ದಿನವೇ ಇರಲಿಲ್ಲ.

ಮಿನುಗು

ನೆರೆಮನೆಯ ಬ್ಯಾರಿಗಳ ಸೊಸೆಗೆ ಗಂಡ ದುಬೈಯಿಂದ ಮಿನುಗುವ ಹಸಿರು ನೈಲಾನ್ ಶಾಲು ತಂದಿದ್ದ. ಅದರ ಅಂಚು ಬಿಚ್ಚಿಹೋಗಿತ್ತು. ಕೇಳಿದ ಕೂಡಲೇ ಕತ್ತರಿಸಿ ಕೊಟ್ಟಳು. ಎಳೆಗಳನ್ನು ಚೂರು ಮಾಡಿ, ಮೇಣ ಹಚ್ಚಿದ ನೂಲಿನ ಮೇಲೆ ದೀಪದ ಬತ್ತಿ ಹೊಸೆಯುವ ಹಾಗೆ ಹೊಸೆದು ಸುತ್ತಿದೆ. ಹುಳ ಜೀವ ಬಂದ ಹಾಗೆ ಹೊಳೆಯಿತು.

ಅವಳಿಗೆ ಒಂದೇ ಚಿಂತೆ. "ಅಕ್ಕಾ, ಶಾಲು ಹೇಗುಂಟು ಎಂದು ಅವರು ಕಾಗದದಲ್ಲಿ ಕೇಳಿದರೆ ಎಂತ ಬರೆಯುದು?"

"ಈಜು ಕಲಿಯುತ್ತಾ ಉಂಟು ಎಂದು ಬರೆ" ಎಂದೆ.

ಗಂಟಲು

ಆರು ಹುಳ ಕಟ್ಟಿ, ಡೈರಿಯಲ್ಲಿ ಬರೆದು, ಡಬ್ಬಿಯಲ್ಲಿ ಹಾಕಿ ಕೊಟ್ಟೆ. ಸಂಜೆ ಅವರು ಮೊಣಕೈ ಉದ್ದದ ಮೀನು ತಂದು ನನ್ನ ಮುಂದೆ ಇಟ್ಟರು.

"ಎರೆಹುಳಕ್ಕೆ ಬಿದ್ದದ್ದು. ಕೊಯ್ಯಿ."

ಡಬ್ಬಿ ತೆರೆದೆ. ಐದು ಇದ್ದವು. ಆರನೆಯದು ಎಲ್ಲಿ ಎಂದು ಕೇಳಿದೆ. ಬಂಡೆಗೆ ಸಿಕ್ಕಿ ಹೋಯಿತಂತೆ. ಹಾಗೆ ಹೇಳುವಾಗ ಅವರು ನನ್ನನ್ನು ನೋಡದೆ ಬೋಳು ಕೋಳಿಯನ್ನು ನೋಡುತ್ತಿದ್ದರು.

ನಾನು ಕಾಲಿನಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿ ಹಾಕಿಕೊಂಡು ಕೂತೆ. ಮೀನು ನೋಡಲು ನೆರೆಮನೆಯವಳೂ ಬಂದಿದ್ದಳು. ತಲೆ ಸೀಳಿದಾಗ ಗಂಟಲಿನ ಆಳದಲ್ಲಿ ಏನೋ ಹಸಿರಾಗಿ ಮಿನುಗಿತು. ಅವಳು ಬಗ್ಗಿ ನೋಡಿದಳು.

"ಅಕ್ಕಾ, ಇದು ನನ್ನ ಶಾಲು ಅಲ್ವಾ?"

ನಾನು ಎದ್ದು ಕೈ ತೊಳೆದು, ಸಹಿ ಇದ್ದ ಪುಟ ತೆರೆದು ಅವರ ಮುಂದೆ ಹಿಡಿದೆ. ಅವರು ಪಂಚೆ ಎತ್ತಿ ಕಟ್ಟಿ ಮೆಟ್ಟುಕತ್ತಿಯ ಮುಂದೆ ಕೂತರು.

"ಹುರುಪೆ ತೆಗೆಯುದು ಬಾಲದ ಕಡೆಯಿಂದ" ಎಂದೆ.

ಆ ದಿನದ ಪುಟದ ಕೊನೆಯಲ್ಲಿ ಬರೆದದ್ದು ಇಷ್ಟು: "ಒಟ್ಟು ಖರ್ಚು. ಸೀಸದ ಗುಂಡು ಹನ್ನೆರಡು. ಕೋಳಿಗರಿ ಒಂದು ಮುಷ್ಟಿ. ಶಾಲಿನ ಅಂಚು ಒಂದು, ಬದಲಿಗೆ ಅರ್ಧ ಮೀನು ಕೊಟ್ಟಿದೆ. ಕೊಕ್ಕೆ ನಷ್ಟವಿಲ್ಲ, ಆರೂ ಉಂಟು. ಯಜಮಾನರ ಹೆಬ್ಬೆರಳಿಗೆ ಗಾಯ ಒಂದು, ಚಿಕ್ಕದು. ನಾಳೆ ಮೀನು ಕೊಯ್ಯಲು ತೊಂದರೆ ಇಲ್ಲ."