ಕೆರೆ ಸುತ್ತಿನ ಕಾಡುದಾರಿಯಲ್ಲಿ ಎದುರುಬದುರಾಗಲು ಅನುಮತಿ ಕೋರಿ

ಇಂದ:
ಚಿಹಾರು ನುಕಾಜಾವಾ,
ಬಿಸಿಯಾವಿ ಮೊಟ್ಟೆ ಅಂಗಡಿ, ಬಸ್ ನಿಲ್ದಾಣದ ಎದುರು,
ಕುರೊಮಿನೆ ಬೆಟ್ಟದ ಬುಡ, ಹೈಸಾವಾ ಪಟ್ಟಣ.

ಗೆ:
ಮುಖ್ಯಸ್ಥರು,
ಕಾಡುದಾರಿ ನಿರ್ವಹಣಾ ವಿಭಾಗ,
ಹೈಸಾವಾ ಪಟ್ಟಣ ಕಚೇರಿ.

ಮಾನ್ಯರೇ,

ವಿಷಯ: ಕೆರೆ ಸುತ್ತಿನ ಕಾಡುದಾರಿಯಲ್ಲಿ ಏಕಮುಖ ಸಂಚಾರವನ್ನು ರದ್ದುಪಡಿಸಿ, ನನ್ನ ತಾಯಿ ಮತ್ತು ಸೋದರಮಾವ ಮೊದಲಿನಂತೆ ಜಗಳವಾಡಲು ಅನುವು ಮಾಡಿಕೊಡುವ ಬಗ್ಗೆ.

ಉಲ್ಲೇಖ: 1. ತಾವು ನೆಡಿಸಿರುವ ಬಾಣದ ಗುರುತಿನ ಹಳದಿ ಫಲಕ.
2. ಶಿಶುವಿಹಾರದವರು ತಮಗೆ ಸಲ್ಲಿಸಿದ ದೂರು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

1. ನನ್ನ ತಾಯಿ ಕಿನುಕೊ ಹಾಗೂ ಅವರ ತಮ್ಮ, ಅಂದರೆ ನನ್ನ ಸೋದರಮಾವ ತೆತ್ಸುಜಿ (ನಿವೃತ್ತ ಅಂಚೆಯವರು, ಕೆರೆಯ ಆಚೆ ದಡದ ನಿವಾಸಿ), ಅಜ್ಜಿಯ ತಿಥಿಯ ದಿನದಿಂದ ಮಾತು ಬಿಟ್ಟಿರುತ್ತಾರೆ. ಕಾರಣ, ಒಂದು ಕಲ್ಲು. ಹಿಂದೊಮ್ಮೆ ನಮ್ಮ ಬೆಂಕಿಯುಗುಳುವ ಬೆಟ್ಟ ಕೆಮ್ಮಿದಾಗ ಅಜ್ಜಿಯ ಹಿತ್ತಲಿಗೆ ಬಂದು ಬಿದ್ದ ಕಪ್ಪು ಕಲ್ಲು ಅದು. ಬೇರೆಯವರಾಗಿದ್ದರೆ ಹೆದರಿ ಊರು ಬಿಡುತ್ತಿದ್ದರು. ಅಜ್ಜಿ ಅದು ಆರುವವರೆಗೆ ಕಾದು, ತೊಳೆದು, ಉಪ್ಪು ಹಾಕಿದ ಮೂಲಂಗಿಯ ಪೀಪಾಯಿಯ ಮೇಲೆ ಹೇರಿದರು. ಅಲ್ಲಿಂದ ಮುಂದೆ ನಮ್ಮ ಮನೆಯ ಮೂಲಂಗಿಗೆ ಅದೇ ಭಾರ. "ಕಲ್ಲು ಉಪ್ಪಿನಕಾಯಿ ಹಾಕೋ ಕೈಗೆ ಸೇರ್ಬೇಕು" ಎಂದು ಅಮ್ಮ. "ಕಲ್ಲು ಬಿದ್ದಿದ್ದು ಈ ಮನೆ ಹಿತ್ತಲಿಗೆ. ಮನೆ ನಂದು" ಎಂದು ಮಾವ. ಮಾವನಿಗೆ ಮೂಲಂಗಿ ಹೆಚ್ಚಲೂ ಬರುವುದಿಲ್ಲ ಎಂಬ ಅಂಶವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ಆದರೆ ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು.

2. ಮೊಣಕಾಲಿಗೆ ಒಳ್ಳೆಯದೆಂದು ವೈದ್ಯರು ಹೇಳಿದ ಕಾರಣ, ನಾನೂ ನನ್ನ ಮಗಳು ಇಬುಕಿಯೂ ಭಾನುವಾರಗಳಂದು ಅಮ್ಮನನ್ನು ಕೆರೆ ಸುತ್ತಿಸಲು ಕರೆದೊಯ್ಯುತ್ತೇವೆ. ಅದೇ ವೈದ್ಯರು ಮಾವನಿಗೂ ಅದನ್ನೇ ಹೇಳಿದ್ದು ನಮಗೆ ತಿಳಿದಿರಲಿಲ್ಲ. ಹೋದ ವಸಂತದಲ್ಲಿ, ಜೌಗಿನ ಮೇಲಿನ ಹಲಗೆದಾರಿಯಲ್ಲಿ ಇಬ್ಬರೂ ಎದುರಾದರು. ಪೇಟೆಯಲ್ಲಾಗಿದ್ದರೆ ರಸ್ತೆ ದಾಟಿ ತಪ್ಪಿಸಿಕೊಳ್ಳಬಹುದಿತ್ತು. ಹಲಗೆದಾರಿಯಲ್ಲಿ ತಪ್ಪಿಸಿಕೊಂಡರೆ ಕೆಸರು. ಮೇಲಾಗಿ, ಬೆಟ್ಟದ ದಾರಿಯಲ್ಲಿ ಎದುರಾದವರು ಯಾರೇ ಇರಲಿ, "ಕೊನ್ನಿಚಿವಾ" ಎಂದು ನಮಸ್ಕಾರ ಹೇಳದೆ ಮುಂದೆ ಹೋಗುವುದು ನಮ್ಮವರಿಂದ ಆಗದ ಕೆಲಸ. ಇಬುಕಿಗೆ ಅದನ್ನು ಕಲಿಸಿದ್ದೇ ಅಮ್ಮ. ಮಗು ತನ್ನ ಅಜ್ಜಿಯ ಮುಖವನ್ನೇ ನೋಡುತ್ತ ನಿಂತಿತು. ಅಮ್ಮ ಕೆರೆಯ ಕಡೆ ತಿರುಗಿ "ಕೊನ್ನಿಚಿವಾ" ಎಂದರು. ಮಾವ ಮರದ ಕಡೆ ತಿರುಗಿ "ಕೊನ್ನಿಚಿವಾ" ಎಂದರು. "ಇಬ್ರೂ ಜೋರಾಗಿ ಹೇಳಿ, ಕೇಳಿಸ್ಲಿಲ್ಲ" ಎಂದಳು ಇಬುಕಿ. ಈ ಸಂದರ್ಭದಲ್ಲಿ ಅರ್ಜಿದಾರಳಿಗೆ ಅಳು ಬಂದಿರುತ್ತದೆ.

3. ಏರುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ಬೆಟ್ಟದ ಇನ್ನೊಂದು ನಿಯಮ. ಆದರೆ ನಮ್ಮ ಕಾಡುದಾರಿ ತಳ್ಳುಗಾಡಿಯಲ್ಲಿ ಮಲಗಿದ ಮಗುವಿನ ನಿದ್ದೆಯೂ ಕೆಡದಷ್ಟು ಸಮತಟ್ಟು. ಆದ್ದರಿಂದ ಯಾರು ಏರುವವರು, ಯಾರು ಇಳಿಯುವವರು ಎಂಬುದು ಆ ಬೆಟ್ಟಕ್ಕೇ ಗೊತ್ತು. ಎರಡನೆಯ ಭಾನುವಾರ ನಡೆದ ಸಂಭಾಷಣೆ ಈ ಕೆಳಕಂಡಂತಿದೆ:

"ಸ್ವಲ್ಪ ದಾರಿ ಬಿಡ್ತೀರಾ? ಹತ್ತುತಾ ಇರೋದು ನಾನು."

"ಕ್ಷಮಿಸ್ಬೇಕು ತಾಯಿ, ಹತ್ತುತಾ ಇರೋದು ನಾನು. ಏದುಸಿರು ಬರ್ತಿರೋದು ಕಾಣಲ್ವಾ?"

"ಅದು ಹತ್ತಿ ಬಂದ ಏದುಸಿರಲ್ಲ ಸ್ವಾಮಿ, ತಿಂದು ಬಂದಿದ್ದು."

ಒಡಹುಟ್ಟಿದವರು ಅಪರಿಚಿತರಂತೆ ಬಹುವಚನದಲ್ಲೇ ಜಗಳವಾಡಿದರು ಎಂಬುದನ್ನು ಗಮನಿಸಬೇಕಾಗಿ ಕೋರಿಕೆ. ಮನೆಗೆ ಬರುವಾಗ ಅಮ್ಮ ಹಾಡು ಗುನುಗುತ್ತಿದ್ದರು.

4. ಉಲ್ಲೇಖ 2ರ ದೂರು ಸುಳ್ಳೆಂದು ನಾನು ಹೇಳುವುದಿಲ್ಲ. ಅವರ ವಾದ ಮುಗಿಯುವಷ್ಟರಲ್ಲಿ ಹಿಂದೆ ತಳ್ಳುಗಾಡಿಗಳು ಸಾಲುಗಟ್ಟಿದ್ದೂ, ಶಿಶುವಿಹಾರದ ಮಕ್ಕಳು ನಿಂತಲ್ಲೇ ತಮ್ಮ ಅನ್ನದುಂಡೆ ತಿಂದು ಮುಗಿಸಿದ್ದೂ ನಿಜ. ಮಕ್ಕಳ ಪೈಕಿ ಅರ್ಧ ಜನ ಅಮ್ಮನ ಪಕ್ಷ, ಅರ್ಧ ಜನ ಮಾವನ ಪಕ್ಷ ವಹಿಸಿದ್ದೂ ನಿಜ. ಆದರೆ ದೂರಿನಲ್ಲಿ ಬಾರದ ಸಂಗತಿಯೊಂದಿದೆ. ಶರತ್ಕಾಲದ ಹೊತ್ತಿಗೆ ಮಾವನಿಗೆ ಕೆಮ್ಮು ಹತ್ತಿತ್ತು. "ಶುಂಠಿ ಕಷಾಯ ಕುಡೀಬಾರ್ದೇನ್ರಿ?" ಎಂದರು ಅಮ್ಮ. "ನಮ್ಮನೇಲಿ ಶುಂಠಿ ಜಜ್ಜೋರು ಯಾರಿದ್ದಾರೆ ತಾಯಿ?" ಎಂದರು ಮಾವ. ಮುಂದಿನ ವಾರ ಅಮ್ಮ ಹಲಗೆದಾರಿಯ ಕಟಕಟೆಯ ಮೇಲೆ ಒಂದು ಫ್ಲಾಸ್ಕನ್ನು "ಮರೆತು" ಬಂದರು. ತಿರುಗಿ ನೋಡಿದರೆ ಮಾವ "ಯಾರೋ ಮರೆತು ಹೋಗಿದಾರಪ್ಪ" ಎಂದು ಕಾಡಿಗೆಲ್ಲ ಕೇಳುವಂತೆ ಹೇಳಿ ಮುಚ್ಚಳ ತೆಗೆಯುತ್ತಿದ್ದರು. ಆ ಫ್ಲಾಸ್ಕ್ ಇನ್ನೂ ಅವರ ಬಳಿಯೇ ಇದೆ. ಏಕೆಂದರೆ ಅದರ ಮುಂದಿನ ಭಾನುವಾರಕ್ಕೆ ತಮ್ಮ ಹಳದಿ ಫಲಕ ಬಂತು.

5. ನೆಗಡಿ ಬಂತೆಂದು ಮೂಗು ಕೊಯ್ದ ಹಾಗಾಯಿತು, ಮಾನ್ಯರೇ. ಎಲ್ಲರೂ ಒಂದೇ ದಿಕ್ಕಿಗೆ ಸುತ್ತಿದರೆ ಯಾರಿಗೆ ಯಾರು ಎದುರಾಗಬೇಕು? ಆ ಭಾನುವಾರ ಇಬ್ಬರೂ ಬಾಣ ತೋರಿಸಿದ ಕಡೆಗೇ ನಡೆದರು. ಕರಡಿ ದೂರವಿರಲೆಂದು ಎಲ್ಲರೂ ಚೀಲಕ್ಕೆ ಕಟ್ಟಿಕೊಳ್ಳುವ ಗಂಟೆಗಳಲ್ಲಿ ಮಾವನದು ಮಾತ್ರ ಆಚೆ ದಡದಿಂದ ಕೇಳುತ್ತಿತ್ತು. ಅಮ್ಮ ನಿಂತರು. ಆಚೆಯ ಗಂಟೆಯೂ ನಿಂತಿತು. ಅಮ್ಮ ನಡೆದರು, ಅದೂ ನಡೆಯಿತು. "ಕರಡಿ ಓಡ್ಸೋಕೆ ಅಂತ ಕಟ್ಟಿದ್ದು ಕಣೇ. ನೋಡು, ನನ್ನ ತಮ್ಮನ್ನ ಓಡಿಸ್ತಾ ಇದೆ" ಎಂದರು ಅಮ್ಮ.

6. ಹೋದ ಭಾನುವಾರ ಅಮ್ಮ ನಿಯಮ ಉಲ್ಲಂಘಿಸಿದರು. ತಮ್ಮ ಬಾಣಕ್ಕೆ ವಿರುದ್ಧವಾಗಿ ಹೊರಟರೆ ಎಲ್ಲಾದರೂ ಅವನು ಸಿಕ್ಕೇ ಸಿಗುತ್ತಾನೆ ಎಂಬುದು ಅವರ ಲೆಕ್ಕ. ಪೂರ್ತಿ ಒಂದು ಸುತ್ತು ಬಂದೆವು. ಸಿಗಲಿಲ್ಲ. ಸಂಜೆ ತಮ್ಮ ಕಾಡುದಾರಿಯ ಸ್ವಯಂಸೇವಕರು ಅಂಗಡಿಗೆ ಬಂದು, "ನಿಮ್ಮಮ್ಮಂಗೆ ಒಸಿ ಬುದ್ಧಿ ಹೇಳಿ. ಇವತ್ತು ಉಲ್ಟಾ ಹೋಗಿದ್ದು ಒಬ್ಬರಲ್ಲ, ಇಬ್ಬರು. ಆಚೆ ದಡದ ಅಂಚೆಯಜ್ಜನೂ ಹಿಂಗೇ ಮಾಡಿದಾರೆ" ಎಂದು ಗದರಿ, ಮೊಟ್ಟೆ ತಿಂದು ಹೋದರು. ಅಮ್ಮ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. "ಅವನು ಹುಟ್ಟಿದಾಗಿಂದ ಒಂದು ಕೆಂಪು ದೀಪಾನೂ ದಾಟಿದೋನಲ್ಲ ಚಿಹಾರು. ಖಾಲಿ ರಸ್ತೇಲೂ ನಿಂತ್ಕೊಳ್ತಾನೆ. ಅಂಥೋನು ನನಗೋಸ್ಕರ ಉಲ್ಟಾ ಹೋದ್ನಾ?" ಎಂದು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು.

7. ಇದನ್ನೆಲ್ಲ ತಮ್ಮ ಕಚೇರಿಯ ಗುಮಾಸ್ತರಲ್ಲಿ ಹೇಳಿಕೊಂಡಾಗ ಅವರು, "ಸೀದಾ ಮನೆಗೇ ಹೋಗಿ ಮಾತಾಡ್ಬಹುದಲ್ಲಮ್ಮ?" ಎಂದರು. ಮನೆಗೆ ಹೋದರೆ ಯಾರು ಮೊದಲು ಹೋದರು ಎಂಬ ಪ್ರಶ್ನೆ ಏಳುತ್ತದೆ. ಹಲಗೆದಾರಿಯಲ್ಲಾದರೆ ಇಬ್ಬರೂ ಒಟ್ಟಿಗೇ ಬಂದಂತಾಗುತ್ತದೆ. ಅರ್ಜಿಗೆ ಸಹಿಯ ಜಾಗದಲ್ಲಿ ಇಬ್ಬರ ಮೊಹರೂ ಇರಲಿ ಎಂದೂ ಅವರು ಸೂಚಿಸಿದರು. ಒಬ್ಬರು ಒತ್ತಿದ ಕಾಗದವನ್ನು ಇನ್ನೊಬ್ಬರು ಮುಟ್ಟುವುದಿಲ್ಲವಾದ ಕಾರಣ, ನನ್ನದನ್ನೇ ಒತ್ತಿರುತ್ತೇನೆ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಹಳದಿ ಫಲಕವನ್ನು ತೆಗೆಸಬೇಕೆಂದೂ, ಅದು ಸಾಧ್ಯವಾಗದಿದ್ದರೆ ಭಾನುವಾರದ ಮಟ್ಟಿಗಾದರೂ ಅದರ ಮೇಲೊಂದು ಗೋಣಿ ಹೊದಿಸಬೇಕೆಂದೂ, ಹಲಗೆದಾರಿಯ ನಡುವೆ ತಳ್ಳುಗಾಡಿ ಪಕ್ಕಕ್ಕೆ ಸರಿಯುವಷ್ಟು ಅಗಲ ಮಾಡಿಸಿ ಜಗಳವಾಡುವವರಿಗೂ ಮುಂದೆ ಹೋಗುವವರಿಗೂ ಏಕಕಾಲದಲ್ಲಿ ಅನುಕೂಲ ಕಲ್ಪಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಚಳಿಗಾಲ ಹತ್ತಿರವಾಗಿದೆ, ಹಿಮ ಬಿದ್ದರೆ ದಾರಿ ಮುಚ್ಚುತ್ತದೆ. ಮಾವನ ಕೆಮ್ಮು ನಿಂತಿದೆಯೋ ಇಲ್ಲವೋ ಎಂದು ಆಚೆ ದಡದ ಗಂಟೆಯಿಂದ ತಿಳಿಯುವುದಿಲ್ಲ.

ಏರುವವಳೂ ಅಲ್ಲದ, ಇಳಿಯುವವಳೂ ಅಲ್ಲದ, ನಡುವೆ ಸಿಕ್ಕಿಹಾಕಿಕೊಂಡಿರುವ

ತಮ್ಮ ವಿಶ್ವಾಸಿ,
ಚಿಹಾರು ನುಕಾಜಾವಾ (ಮೊಹರು)

ಲಗತ್ತುಗಳು:
ಅ) ಇಬುಕಿ ಬರೆದ ಚಿತ್ರ. ದೊಡ್ಡದಾಗಿ ಬಾಯಿ ತೆರೆದಿರುವವರು ಅಮ್ಮ ಮತ್ತು ಮಾವ. ಹಿಂದಿರುವುದು ಹೊಗೆಯಾಡುವ ಬೆಟ್ಟ, ಕರಡಿಯಲ್ಲ.
ಆ) ಅಮ್ಮ ಈ ವರ್ಷ ಹಾಕಿದ ಮೂಲಂಗಿ, ಒಂದು ಡಬ್ಬಿ. ಕಲ್ಲಿಲ್ಲದೆ ನೀರಿನ ಬಕೆಟ್ಟಿನ ಭಾರ ಹೇರಿದ್ದರಿಂದ ಸ್ವಲ್ಪ ಮೆತ್ತಗಾಗಿದೆ. ಮನ್ನಿಸುವುದು.

ವಿಶೇಷ ಸೂಚನೆ: "ಹಲಗೆದಾರಿಯ ಯಾವ ತುದಿ ಎತ್ತರ ಅಂತ ಅಳೆದುಬಿಟ್ರೆ ತಕರಾರೇ ಮುಗೀತಲ್ಲ, ಒಂದು ಗಳಿಗೆ ಕೆಲಸ" ಎಂದು ತಮ್ಮ ಗುಮಾಸ್ತರು ಉಪಕರಣ ಹಿಡಿದು ಎದ್ದು ನಿಂತಿದ್ದರು. ಮೇಲಿನ ಬೇಡಿಕೆಗಳಲ್ಲಿ ಯಾವುದನ್ನು ತಿರಸ್ಕರಿಸಿದರೂ ಸರಿಯೇ, ದಯವಿಟ್ಟು ಅದನ್ನು ಮಾತ್ರ ಯಾವತ್ತೂ ಅಳೆಸಬಾರದಾಗಿ ವಿನಂತಿ.